ತೋಟದಿಂದ ಶುರುವಾಗಲಿ ಪಾಠ

ಸಿಬಿಎಸ್‌ಇ 2019–20ರಲ್ಲೇ ಒಂಬತ್ತನೇ ತರಗತಿಗೆ ಕೃತಕ ಬುದ್ಧಿಮತ್ತೆಯನ್ನು ಐಚ್ಛಿಕ ವಿಷಯವಾಗಿ ತಂದಿತು. ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50,000 ಅಟಲ್ ಟಿಂಕರಿಂಗ್ ಲ್ಯಾಬ್ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಹೇಳಿತು. ಸಂತೋಷ. ಆದರೆ ಆ ಲ್ಯಾಬಿನಲ್ಲಿ ಮಕ್ಕಳು ಬಿಡಿಸಬೇಕಾದ ಸಮಸ್ಯೆ ಯಾವುದು, ಅದನ್ನು ಆರಿಸುವವರು ಯಾರು?

ಮಲೆನಾಡಿನ ಶಾಲೆಯೊಂದನ್ನು ಊಹಿಸಿಕೊಳ್ಳೋಣ. ಅಡಿಕೆ ತೋಟಗಳನ್ನು ಎಲೆಚುಕ್ಕಿ ರೋಗ ಹಿಂಡುತ್ತಿದೆ. ಆ ಸಂಕಟ ಮಕ್ಕಳಿಗೆ ಮನೆಯ ಜಗಲಿಯಲ್ಲೇ ಗೊತ್ತು. ಗೂಗಲ್‌ನ ಟೀಚೆಬಲ್ ಮೆಷಿನ್ ಎಂಬ ಉಚಿತ ಸಾಧನಕ್ಕೆ ಕೋಡಿಂಗ್ ಬೇಡ; ರೋಗ ತಗುಲಿದ ಎಲೆ, ಆರೋಗ್ಯವಾಗಿರುವ ಎಲೆಗಳ ಚಿತ್ರ ಕೊಟ್ಟರೆ ವ್ಯತ್ಯಾಸ ಕಲಿಯುತ್ತದೆ. ಒಂದೇ ತೋಟದ, ಒಂದೇ ಬಿಸಿಲಿನ ಚಿತ್ರಗಳನ್ನಷ್ಟೇ ಕೊಟ್ಟರೆ ಪಕ್ಕದ ಊರಿನ ಮಳೆಯಲ್ಲಿ ನೆಂದ ಸೋಗೆಯ ಮುಂದೆ ಅದು ಎಡವಬಹುದು. ಯಾಕೆ ತಪ್ಪಿತು ಎಂದು ಮಕ್ಕಳು ಹುಡುಕಲು ಹೊರಟ ಗಳಿಗೆಯೇ ನಮಗೆ ಮುಖ್ಯ. ಎಲೆಯ ಮೇಲಿನದು ರೋಗವೋ, ಪೋಷಕಾಂಶದ ಕೊರತೆಯೋ ಎಂದು ಗುರುತಿಸಿಕೊಡಲು ಮನೆಯ ಅಜ್ಜನೂ ಬೇಕು, ಕೃಷಿ ವಿಜ್ಞಾನ ಕೇಂದ್ರದ ತಜ್ಞರೂ ಬೇಕು.

ಇದೆಲ್ಲದರ ಭಾರ ಬೀಳುವುದು ಶಿಕ್ಷಕರ ಮೇಲೆ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕದ ನಡುವೆ ಬಳಲಿದವರಿಗೆ ಒಂದು ದಿನದ ಆನ್‌ಲೈನ್ ತರಬೇತಿ ಕೊಟ್ಟು ಕೈತೊಳೆದುಕೊಳ್ಳುವುದು ಅನ್ಯಾಯ. ವಾರಕ್ಕೆ ಎರಡು ಪೀರಿಯಡ್ಡನ್ನು ವೇಳಾಪಟ್ಟಿಯಲ್ಲೇ ಇದಕ್ಕೆಂದು ಎತ್ತಿಡಬೇಕು. ವರ್ಷದ ಕೊನೆಗೆ ಮಕ್ಕಳು ತಮ್ಮ ಕೆಲಸವನ್ನು ಗ್ರಾಮಸಭೆಗೆ ಒಯ್ಯಲಿ, ರೈತರು ಪ್ರಶ್ನೆ ಕೇಳಲಿ.