ಬಾಡದ ಮಲ್ಲಿಗೆಗೆ ಒಂದು ಬಟ್ಟಲು ಫೆವಿಕಾಲ್!

ಈ ವಾರ ತಾರೆಯರ ಸುದ್ದಿಗೆ ರಜಾ. ಹಲಸೂರಿನ ನಮ್ಮ ಮನೆಯ ಅಡುಗೆ ಕೋಣೆಯಿಂದ ಬರೀತಿದ್ದೇನೆ. ಬೈಬೇಡಿ... ಹೂವು ಅಂದ ಮೇಲೆ ಸಿನಿಮಾ ದೂರವೇನಲ್ಲ!

1925ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಗುರುದತ್ 1959ರಲ್ಲಿ 'ಕಾಗಜ್ ಕೆ ಫೂಲ್' ತೆಗೆದರು. ಆ ಕಾಗದದ ಹೂವು ಗಲ್ಲಾಪೆಟ್ಟಿಗೆಯಲ್ಲಿ ಬಾಡಿತು, ವರ್ಷಗಳ ಮೇಲೆ ಜನರ ಮನಸ್ಸಿನಲ್ಲಿ ಅರಳಿತು. ಅದೇ 1959ರಲ್ಲಿ ಮಾರುಕಟ್ಟೆಗೆ ಬಂದದ್ದು ಫೆವಿಕಾಲ್. ನನ್ನ ಕಥೆ ಅಂಟಿಕೊಂಡಿರೋದು ಅದಕ್ಕೇ!

ಮೊನ್ನೆ ಒಂದು ಶೂಟಿಂಗ್‌ಗೆ ಹೋಗಿದ್ದೆ. ಬೆಳಗಿನಿಂದ ಸಂಜೆವರೆಗೆ ಲೈಟಿನ ಕಾವಿನಲ್ಲಿ ನಿಂತರೂ ನಾಯಕಿಯ ಜಡೆಯ ಮಲ್ಲಿಗೆ ಬಾಡಲೇ ಇಲ್ಲ. ಕೇಶಾಲಂಕಾರದ ಅಕ್ಕನನ್ನು ಕೇಳಿದೆ. "ಮಲ್ಲಿಗೆ ಎಲ್ಲಿ ಬಂತಪ್ಪಾ? ಹಿಟ್ಟು ಕಲಸಿ ಮಾಡಿದ್ದು" ಅಂತ ನಕ್ಕರು. ಹೆಸರು ಕೋಲ್ಡ್ ಪೋರ್ಸಲಿನ್. ಅದರಲ್ಲಿ ಪಿಂಗಾಣಿಯೂ ಇಲ್ಲ, ಮಣ್ಣೂ ಇಲ್ಲ, ಬೆಂಕಿಯಲ್ಲಿ ಸುಡೋದೂ ಬೇಡ. ಗಾಳಿಗೆ ಒಣಗಿದರೆ ಪಿಂಗಾಣಿಯ ಹಾಗೆ ಕಾಣುತ್ತೆ, ಅಷ್ಟೇ.

ನನಗೆ ತಕ್ಷಣ ನೆನಪಾದದ್ದು ಅಮ್ಮ. ಸೋಮೇಶ್ವರನ ಗುಡಿ ಹತ್ತಿರದ ಅಂಗಡಿಗೆ ಮೊಳಗಟ್ಟಲೆ ಹೂ ಕಟ್ಟಿಕೊಡುವವಳು, ಅಪ್ಪ ಹೋದ ಮೇಲೆ ಮೂರು ವರ್ಷದಿಂದ ಒಂದು ಎಸಳನ್ನೂ ಮುಡಿದಿಲ್ಲ.

ಸರಿ, ಶುರು ಮಾಡಿದೆ. ಒಂದು ಬಟ್ಟಲು ಕಾರ್ನ್‌ಫ್ಲೋರ್, ಒಂದು ಬಟ್ಟಲು ಫೆವಿಕಾಲ್, ಎರಡು ಚಮಚ ಬೇಬಿ ಆಯಿಲ್, ಎರಡು ಚಮಚ ನಿಂಬೆರಸ. ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಮುದ್ದೆ ತಳ ಬಿಡುತ್ತಿದ್ದ ಹಾಗೇ ಇಳಿಸಿ, ಕೈಗೆ ಕ್ರೀಮ್ ಸವರಿಕೊಂಡು ಬಿಸಿಯಲ್ಲೇ ನಾದಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟರೆ ಮಾರನೇ ದಿನಕ್ಕೆ ಸಿದ್ಧ. ಆ ಬಾಣಲೆಯಲ್ಲಿ ಮತ್ತೆ ಅಡುಗೆ ಮಾತ್ರ ಬೇಡಿ!

ಪಿಯುಸಿಯಲ್ಲಿ ಕೆಮಿಸ್ಟ್ರಿ ನನ್ನನ್ನು ಬಿಟ್ಟಿತೋ, ನಾನು ಅದನ್ನು ಬಿಟ್ಟೆನೋ... ಮೊದಲ ಸಲ ನಿಂಬೆರಸ ಮರೆತೆ, ಮುದ್ದೆಗೆ ಬೂಷ್ಟು ಬಂತು. ಎರಡನೇ ಸಲ ಉರಿ ಜಾಸ್ತಿಯಾಗಿ ಹೂವೆಲ್ಲ ಬಿರುಕು. ಮೂರನೇ ಸಲ ಅಮ್ಮ ಹೂಬುಟ್ಟಿ ಪಕ್ಕಕ್ಕಿಟ್ಟು ಬಂದಳು. "ಮಲ್ಲಿಗೆ ಮೊಗ್ಗು ಇಷ್ಟು ದಪ್ಪ ಇರುತ್ತೇನೋ? ತುದಿ ಚೂಪು ಮಾಡು." "ಒಣಗಿದ್ರೆ ಕುಗ್ಗುತ್ತಮ್ಮ, ಸ್ವಲ್ಪ ದೊಡ್ಡದಾಗೇ ಮಾಡ್ಬೇಕು" ಅಂದೆ. ಆಮೇಲೆ ಹೂವೆಲ್ಲ ಅವಳದೇ!

ಸಾಮಾನು ಕೊಳ್ಳಲು ದುಡ್ಡೆಲ್ಲಿ? ಒಂದು ಪತ್ರಿಕೆಯಿಂದ ನಾಲ್ಕು ತಿಂಗಳ ಸಂಭಾವನೆ ಇನ್ನೂ ಬಂದಿಲ್ಲ. ಬಟಾಣಿ ಗಾತ್ರದ ಉಂಡೆಯನ್ನು ಹನಿಯ ಆಕಾರಕ್ಕೆ ತಿದ್ದಿ, ದಪ್ಪ ತುದಿಯನ್ನು ಕತ್ತರಿಯಿಂದ ಸೀಳಿ, ಖಾಲಿ ರೀಫಿಲ್‌ನಿಂದ ಒತ್ತಿದರೆ ಎಸಳು. ದಾರ ಪೋಣಿಸುವ ತೂತಿಗೆ ಪೊರಕೆ ಕಡ್ಡಿ. ಎಲೆಗೆ ಲಟ್ಟಣಿಗೆಯಿಂದ ಲಟ್ಟಿಸಿ, ನಿಜವಾದ ದಾಸವಾಳದ ಎಲೆಯನ್ನೇ ಒತ್ತಿದರೆ ನರಗಳು ಮೂಡುತ್ತವೆ. ಒಣಗಿದಾಗ ಬಣ್ಣ ಮಂಕಾಗುತ್ತೆ, ಕಲಸುವಾಗಲೇ ಚೂರು ಬಿಳಿ ಪೇಂಟ್ ಸೇರಿಸಿ. ಮಳೆಗಾಲದಲ್ಲಿ ಒಣಗಲು ತಡ. ನೀರು ಬಿದ್ದರೆ ಕೆಟ್ಟಿತು!

ಇಪ್ಪತ್ತು ಮಲ್ಲಿಗೆ ಆದವು. ಮುಡಿ ಅಂದೆ.

"ಬೇಡ ಕಣೋ, ನೋಡಿದವರು ಏನಂತಾರೆ?"

"ಇದು ಹೂವಲ್ಲಮ್ಮ, ಕಾರ್ನ್‌ಫ್ಲೋರು!"

ಅಮ್ಮ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡಳು. ಹತ್ತೊಂಬತ್ತನ್ನು ದಾರಕ್ಕೆ ಪೋಣಿಸಿ ಅಪ್ಪನ ಫೋಟೋಗೆ ಹಾಕಿದಳು. ಉಳಿದ ಒಂದನ್ನು ತುರುಬಿಗೆ ಸಿಕ್ಕಿಸಿಕೊಂಡು ಅಂಗಡಿಗೆ ಹೂ ಕೊಡಲು ಹೊರಟಳು. ಬೀದಿಯಲ್ಲಿ ಯಾರೂ ಏನೂ ಅನ್ನಲಿಲ್ಲವಂತೆ. ಅಂದಿದ್ದರೆ ಉತ್ತರವಂತೂ ಸಿದ್ಧವಿತ್ತು!

ಮುಂದಿನ ವಾರ ಮತ್ತೆ ತಾರಾಲೋಕದಲ್ಲಿ ಸಿಗೋಣ.