ರೆಕ್ಸಿನ್ ಪಕ್ಷದವರಿಗೆ ಒಂದು ಉತ್ತರ

ಮರದ ಕುರ್ಚಿಗೆ ತೊಗಟೆಯಲ್ಲಿ ಹದ ಮಾಡಿದ ತೊಗಲಿನ ಆಸನ ಹಾಕೋಣ ಎಂದರೆ ಸಾಕು, ಆಕ್ಷೇಪಗಳು ಸಾಲುಗಟ್ಟಿ ಬರುತ್ತವೆ. ಪ್ರಾಣಿದಯೆಯವರದ್ದು ಒಂದು, ಪರಿಸರದವರದ್ದು ಇನ್ನೊಂದು, ಮಡಿವಂತರದ್ದು ಮತ್ತೊಂದು. ಇವರೆಲ್ಲರ ಹಿಂದೆ ನಿಂತು ಜಾತಿಯ ಪ್ರಶ್ನೆಯನ್ನು ನೇರವಾಗಿ ಕೇಳುವವರೂ ಇದ್ದಾರೆ. ಕೆಲವು ವಾದಗಳಲ್ಲಿ ಹುರುಳಿಲ್ಲ. ಒಂದೆರಡು ಮಾತ್ರ ಸುಲಭಕ್ಕೆ ಬಗ್ಗುವಂಥವಲ್ಲ.

ಮೊದಲು ಬಗ್ಗುವುದನ್ನೇ ನೋಡೋಣ. ಈಗ ವೀಗನ್ ಲೆದರ್ ಬಂದಿದೆಯಲ್ಲ, ಪ್ರಾಣಿಯ ಚರ್ಮ ಯಾಕೆ ಎನ್ನುತ್ತಾರೆ. ಪೀಠೋಪಕರಣದ ಅಂಗಡಿಯಲ್ಲಿ ಆ ಹೆಸರಿನಲ್ಲಿ ಮಾರುವ ಸರಕಿನ ಬಹುಪಾಲು ಬಟ್ಟೆಯ ಮೇಲೆ ಬಳಿದ ಪಿವಿಸಿ ಇಲ್ಲವೇ ಪಾಲಿಯುರೆಥೇನ್. ಹಿಂದೆ ನಾವು ರೆಕ್ಸಿನ್ ಎನ್ನುತ್ತಿದ್ದ ವಸ್ತುವಿಗೆ ಹೊಸ ನಾಮಕರಣವಾಗಿದೆ, ಅಷ್ಟೆ. ಪಾಲಿಯುರೆಥೇನ್ ಗಾಳಿಯ ತೇವಕ್ಕೇ ನಿಧಾನವಾಗಿ ಒಡೆಯುತ್ತದೆ. ಕೊಂಡ ಕೆಲವೇ ವರ್ಷಗಳಲ್ಲಿ ಸೋಫಾದ ತೋಳು ಹಪ್ಪಳದ ಹಾಗೆ ಪದರ ಏಳುವುದು ಇದರಿಂದಲೇ. ಅದನ್ನು ಹೊಲಿಯಲಾಗದು, ತೇಪೆ ಹಾಕಲಾಗದು, ಮಣ್ಣಿಗೆ ಸೇರಿಸಲೂ ಆಗದು. ಅನಾನಸ್ ಎಲೆಯ ನಾರಿನಿಂದ ಮಾಡುವ ಪಿನ್ಯಾಟೆಕ್ಸ್‌ಗೂ ಮೇಲೆ ರಾಳದ ಲೇಪ ಬೇಕೇ ಬೇಕು. ಶಿಲೀಂಧ್ರದಿಂದ ಬೆಳೆಸುವ ‘ಮೈಲೊ’ ಬಗ್ಗೆ ಭಾರಿ ಪ್ರಚಾರವಿತ್ತು. ಅದನ್ನು ತಯಾರಿಸುತ್ತಿದ್ದ ಬೋಲ್ಟ್ ಥ್ರೆಡ್ಸ್ ಕಂಪನಿ 2023ರಲ್ಲಿ ಉತ್ಪಾದನೆ ನಿಲ್ಲಿಸಿತು. ನಾಳೆ ಒಳ್ಳೆಯದೇನಾದರೂ ಬಂದರೆ ಸಂತೋಷ. ಇವತ್ತು ಅಂಗಡಿಯಲ್ಲಿ ಇರುವುದು ಪ್ಲಾಸ್ಟಿಕ್ಕು.

ಆದರೂ ಕೊಲ್ಲುವುದು ತಪ್ಪಲ್ಲವೇ? ಎಮ್ಮೆ, ಕುರಿ, ಆಡುಗಳನ್ನು ಸಾಕುವುದು ಹಾಲಿಗೆ, ಮಾಂಸಕ್ಕೆ. ತೊಗಲು ಕೊನೆಯಲ್ಲಿ ಉಳಿಯುವ ಸರಕು, ಅದರಿಂದ ಬರುವುದು ಚಿಲ್ಲರೆ ಹಣ. ಚಿಲ್ಲರೆಯಾದರೂ ಹಣವೇ ಎಂದು ಯಾರಾದರೂ ಹೇಳಿದರೆ ಆ ಮಾತು ಸರಿ. ಪ್ರಾಣಿಯ ಯಾವ ಭಾಗವನ್ನೂ ಮುಟ್ಟೆನೆನ್ನುವವರ ಜೊತೆ ನನಗೆ ಜಗಳವಿಲ್ಲ. ಅವರು ಬೆತ್ತದ ಕುರ್ಚಿ ಕೊಳ್ಳಲಿ, ಬಲು ಚೆನ್ನಾಗಿರುತ್ತದೆ. ಪಿವಿಸಿ ಕೊಂಡು ಪುಣ್ಯ ಬಂತೆನ್ನುವುದು ಬೇಡ.

ಗಟ್ಟಿ ವಾದ ಮಾಲಿನ್ಯದ್ದು. ಹದಗಾರಿಕೆಯೇ ಹೊಲಸು, ಅದರಲ್ಲಿ ಸುಸ್ಥಿರ ಯಾವುದು, ಪಾಲಾರ್ ದಂಡೆಯವರನ್ನು ಕೇಳಿ ಎನ್ನುತ್ತಾರೆ. ಕೇಳಲೇಬೇಕು. ನಮ್ಮ ಕೋಲಾರ–ಚಿಕ್ಕಬಳ್ಳಾಪುರ ಸೀಮೆಯಲ್ಲಿ ಹುಟ್ಟುವ ಆ ನದಿ ತಮಿಳುನಾಡಿನ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಟ್ಯಾನರಿ ಪಟ್ಟಿಯನ್ನು ಹಾಯುತ್ತದೆ. ವೆಲ್ಲೂರಿನ ನಾಗರಿಕ ವೇದಿಕೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟಿತು. ಸುಮಾರು 35,000 ಹೆಕ್ಟೇರ್ ಸಾಗುವಳಿ ಭೂಮಿ ಪೂರ್ತಿಯಾಗಿಯೋ ಭಾಗಶಃವೋ ಕೆಟ್ಟುಹೋಗಿದೆ ಎಂಬ ಲೆಕ್ಕ ಆಗ ಅದರ ಮುಂದಿತ್ತು. ಇದನ್ನು ಮರೆಮಾಚಿ ಚರ್ಮದ ಪರ ವಾದಿಸುವವರು ಸುಳ್ಳುಗಾರರು.

ನಮ್ಮ ಪಕ್ಷದಲ್ಲೂ ಅಂಥವರಿದ್ದಾರೆ. ಚೀಟಿಯ ಮೇಲೆ ಹಸಿರು ಎಲೆ ಅಚ್ಚುಹಾಕಿ ‘ಮಾಲಿನ್ಯವೇ ಇಲ್ಲ’ ಎನ್ನುವವರು. ಕ್ರೋಮ್ ಇರಲಿ ತೊಗಟೆ ಇರಲಿ, ಮೊದಲ ಹಂತಗಳು ಒಂದೇ: ಹಸಿ ತೊಗಲು ಕೊಳೆಯದಂತೆ ಉಪ್ಪು, ಕೂದಲು ತೆಗೆಯಲು ಸುಣ್ಣ ಮತ್ತು ಸೋಡಿಯಂ ಸಲ್ಫೈಡ್. ಬಾವಿಯ ನೀರನ್ನು ಉಪ್ಪಾಗಿಸುವುದು ಈ ಹಂತಗಳೇ. ಆಮೇಲೆ ತೊಗಟೆಯ ಒಗರು ನೀರು ಕಂದಾಗಿ ಹೊರಬರುತ್ತದೆ. ಅದು ಬೇಗ ಕೊಳೆಯುವುದಿಲ್ಲ, ಕೆರೆಗೆ ಬಿಟ್ಟರೆ ಮೀನು ಸಾಯುತ್ತವೆ. ಶುದ್ಧೀಕರಣ ಘಟಕವಿಲ್ಲದ ಟ್ಯಾನರಿ ಯಾವ ವಿಧಾನದ್ದಾದರೂ ಮುಚ್ಚಬೇಕಾದದ್ದೇ.

ಇಷ್ಟನ್ನು ಒಪ್ಪಿದ ಮೇಲೂ ಒಂದು ವ್ಯತ್ಯಾಸ ಉಳಿಯುತ್ತದೆ. ಜಗತ್ತಿನ ಚರ್ಮದಲ್ಲಿ ಬಹುಪಾಲು ಹದವಾಗುವುದು ಕ್ರೋಮಿಯಂ ಲವಣದಲ್ಲಿ. ಹಳೆಯ ಕ್ರಮದಲ್ಲಿ ಹಾಕಿದ ಕ್ರೋಮಿಯಮ್ಮಿನಲ್ಲಿ ಮೂರನೆಯ ಒಂದು ಭಾಗದಷ್ಟು ತೊಗಲಿಗೆ ಹಿಡಿಯದೆ ನೀರಿಗೆ ಹೋಗುತ್ತದೆ. ಅದು ಲೋಹ, ಎಷ್ಟು ಕೊಳೆತರೂ ಲೋಹವಾಗಿಯೇ ಉಳಿಯುತ್ತದೆ. ಹದಕ್ಕೆ ಬಳಸುವ ರೂಪದಲ್ಲಿ ಅದೇನೂ ಘೋರ ವಿಷವಲ್ಲ. ಆದರೆ ಚರ್ಮದ ಚೂರುಗಳನ್ನು ಸುಟ್ಟಾಗ, ಸಂಸ್ಕರಣೆ ಎಡವಿದಾಗ, ಕ್ಯಾನ್ಸರ್‌ಕಾರಕ ಆರು ವೇಲೆನ್ಸಿಯ ಕ್ರೋಮಿಯಂ ಆಗಿ ಬದಲಾಗಬಲ್ಲದು. ಮೈಗೆ ತಾಗುವ ಚರ್ಮದ ಸಾಮಾನಿನಲ್ಲಿ ಅದು ಕಿಲೋಗೆ 3 ಮಿಲಿಗ್ರಾಂ ಮೀರಬಾರದೆಂದು ಐರೋಪ್ಯ ಒಕ್ಕೂಟ 2015ರಿಂದ ಕಟ್ಟುನಿಟ್ಟು ಮಾಡಿರುವುದು ಸುಮ್ಮನೆ ಅಲ್ಲ. ತೊಗಟೆಯ ಹದದಲ್ಲಿ ಈ ಗಂಡಾಂತರವೊಂದು ಇಲ್ಲ. ನನ್ನ ವಾದ ಇಷ್ಟೇ, ಇದಕ್ಕಿಂತ ದೊಡ್ಡದಲ್ಲ.

ಮರದ ತೊಗಟೆ ಸುಲಿದರೆ ಕಾಡಿನ ಗತಿ? ಅರ್ಜೆಂಟೀನಾದ ಕೆಬ್ರಾಚೊ ಕಾಡುಗಳನ್ನು ಟ್ಯಾನಿನ್‌ಗಾಗಿ ಬೋಳಿಸಿದ್ದು ನಿಜ, ನೀಲಗಿರಿಯ ಶೋಲಾ ಹುಲ್ಲುಗಾವಲನ್ನು ವಾಟಲ್ ಮರ ನುಂಗಿದ್ದೂ ನಿಜ. ಆದರೆ ಮದರಾಸು ಕಡೆಯ ಪ್ರಸಿದ್ಧ ಇ.ಐ. (ಈಸ್ಟ್ ಇಂಡಿಯಾ) ಲೆದರ್ ಬೆಳೆದದ್ದು ತಂಗಡಿಯ ತೊಗಟೆ ಮತ್ತು ಅಳಲೆಕಾಯಿಯ ಮೇಲೆ. ತಂಗಡಿ ನಮ್ಮ ಬಯಲುಸೀಮೆಯ ರಸ್ತೆ ಬದಿಯಲ್ಲೂ ಹಳದಿ ಹೂ ಬಿಡುವ ಪೊದೆ. ಕಡಿದರೆ ಮತ್ತೆ ಚಿಗುರುತ್ತದೆ. ಅಳಲೆಯಂತೂ ಕಾಯಿ, ಮರಕ್ಕೆ ಕೊಡಲಿಯೇ ಬೇಡ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಆಯ್ದು ತಮ್ಮ ಸಹಕಾರ ಸಂಘದ ಮೂಲಕ ಮಾರುತ್ತ ಬಂದ ಕಿರು ಅರಣ್ಯ ಉತ್ಪನ್ನಗಳಲ್ಲಿ ಅದೂ ಒಂದು.

ಇನ್ನು ಬಾಳಿಕೆಯ ಮಾತು. ಕಲೆಯಾಗುತ್ತದೆ, ಜೋಲುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ ಎನ್ನುತ್ತಾರೆ. ಮೂರೂ ನಿಜ. ಆದರೆ ಇಲ್ಲಿ ಎದುರಾಳಿಗಳು ಈ ತೊಗಲನ್ನು ತೂಗುತ್ತಿರುವ ತಕ್ಕಡಿಯೇ ಬೇರೆ. ಅವರ ಕಣ್ಣಮುಂದೆ ಇರುವುದು ಸ್ಪಂಜು ತುಂಬಿದ, ಉಬ್ಬಿದ ತ್ರೀ ಸೀಟರ್ ಸೋಫಾ. ಅದಕ್ಕೆ ಮೆತ್ತಗಿನ, ತೆಳ್ಳಗಿನ ಹೊದಿಕೆ ಬೇಕು. ತೊಗಟೆಯ ತೊಗಲು ಅಲ್ಲಿಗೆ ಸಲ್ಲದು, ಹಾಕಲೂಬಾರದು. ಮೂರು ನಾಲ್ಕು ಮಿಲಿಮೀಟರ್ ದಪ್ಪದ, ಬಿಗುವಾದ ಈ ತೊಗಲು ಕುರ್ಚಿಗೆ ಬಟ್ಟೆಯಲ್ಲ, ಅದರ ಕೀಲು, ಅದರ ನರ.

ರೂರ್ಕಿ ಕುರ್ಚಿಯನ್ನೇ ನೋಡಿ. 19ನೇ ಶತಮಾನದ ಕೊನೆಯಲ್ಲಿ ನಮ್ಮದೇ ರೂರ್ಕಿಯಲ್ಲಿ, ದಂಡಿನ ಎಂಜಿನಿಯರುಗಳ ನೆಲೆಯಲ್ಲಿ ಹುಟ್ಟಿದ್ದು. ನಾಲ್ಕು ಕಾಲು, ನಾಲ್ಕು ಅಡ್ಡಪಟ್ಟಿ, ಅಂಟಿಲ್ಲ, ಮೊಳೆಯಿಲ್ಲ. ಅಡ್ಡಪಟ್ಟಿಯ ಚೂಪಾದ ತುದಿ ಕಾಲಿನ ತೂತಿನೊಳಗೆ ಸುಮ್ಮನೆ ಕೂತಿರುತ್ತದೆ. ಆಸನದ ಕೆಳಗಿನ ಬೆಲ್ಟಿನ ಬಕಲ್ ಬಿಗಿದರೆ ಚೌಕಟ್ಟು ನಿಲ್ಲುತ್ತದೆ, ಮೇಲೆ ಆಳು ಕೂತರೆ ಭಾರಕ್ಕೆ ಇನ್ನಷ್ಟು ಬಿಗಿಯುತ್ತದೆ. ಕಾಲುಗಳು ಸ್ವಲ್ಪ ಸ್ವಲ್ಪ ಆಡುವುದರಿಂದ ಎಂಥ ತಗ್ಗುದಿಣ್ಣೆಯ ನೆಲದಲ್ಲೂ ನಾಲ್ಕೂ ಊರುತ್ತವೆ. ಡೆನ್ಮಾರ್ಕಿನ ಕಾರೆ ಕ್ಲಿಂಟ್ 1933ರಲ್ಲಿ ಮಾಡಿದ ಸಫಾರಿ ಕುರ್ಚಿ ಇದರ ನೇರ ಮಗು. ಅವರ ಶಿಷ್ಯ ಬೋರ್ಗೆ ಮೋಗೆನ್ಸೆನ್ 1958ರಲ್ಲಿ ಮಾಡಿದ ಸ್ಪ್ಯಾನಿಷ್ ಕುರ್ಚಿಯಲ್ಲೂ ದಪ್ಪ ತೊಗಲಿಗೆ ಬಕಲ್ಲುಗಳಿವೆ. ಜೋಲಿದರೆ ಒಂದು ತೂತು ಮುಂದೆ ಎಳೆಯಿರಿ, ಅಷ್ಟೇ. ಜೋಲುವುದು ದೋಷ ಎನ್ನುವವರು ತಮ್ಮ ಸೊಂಟದ ಬೆಲ್ಟಿನಲ್ಲಿ ಎಷ್ಟು ತೂತುಗಳಿವೆ ಎಂದು ಎಣಿಸಿಕೊಳ್ಳಲಿ.

ಕಲೆಯ ದೂರಿನಲ್ಲಿ ಅರ್ಧ ತಪ್ಪು ಬಡಗಿಯದ್ದು. ಕಬ್ಬಿಣದ ಮೊಳೆ ಹೊಡೆದರೆ, ತೇವ ತಾಗಿದ ಕೂಡಲೇ ಅದರ ಸುತ್ತ ಶಾಯಿಯಂಥ ಕಪ್ಪು ಉಂಗುರ ಮೂಡುತ್ತದೆ. ಒಗರೂ ಕಬ್ಬಿಣವೂ ಸೇರಿದರೆ ಶಾಯಿಯೇ. ಹಿಂದೆ ಹಾಗೇ ಮಾಡುತ್ತಿದ್ದರು. ಹಿತ್ತಾಳೆಯ ಸ್ಕ್ರೂ, ತಾಮ್ರದ ರಿವೆಟ್ ಹಾಕಿದರೆ ಈ ರಗಳೆ ಇಲ್ಲ. ಬೂಷ್ಟಿಗೆ ಗಾಳಿಯೇ ಮದ್ದು: ಕುರ್ಚಿಯನ್ನು ಗೋಡೆಯಿಂದ ಸರಿಸಿಡಿ, ಒಣ ಬಟ್ಟೆಯಲ್ಲಿ ಒರೆಸಿ, ಮಳೆ ನಿಂತ ಮೇಲೆ ತೆಳ್ಳಗೆ ಎಣ್ಣೆ ಸವರಿ. ಇಷ್ಟು ಮಾಡಲು ಪುರುಸೊತ್ತಿಲ್ಲದವರು ಪ್ಲಾಸ್ಟಿಕ್ ಕುರ್ಚಿಯನ್ನೇ ಕೊಳ್ಳಬಹುದು, ಅಡ್ಡಿಯಿಲ್ಲ.

ಬೆಲೆ ಹೆಚ್ಚು ಎಂಬುದಕ್ಕೆ ಉತ್ತರ ಚಿಕ್ಕದು: ಹೌದು, ಹೆಚ್ಚು. ಆದರೆ ಸೋಫಾಕ್ಕೆ ಬೇಕಾದಷ್ಟು ತೊಗಲು ಈ ಕುರ್ಚಿಗೆ ಬೇಡ.

ಮನೆಯೊಳಗೆ ಚರ್ಮವೇ ಎಂದು ಮೂಗು ಮುರಿಯುವವರಿಗೆ ಉತ್ತರ ಇನ್ನೂ ಚಿಕ್ಕದು. ಮೃದಂಗದ ಮುಚ್ಚಿಗೆ ಯಾವುದರಿಂದ ಆಗಿದೆ ಎಂದು ಅವರು ಕಚೇರಿ ಮುಗಿದ ಮೇಲೆ ವಿದ್ವಾಂಸರನ್ನು ವಿಚಾರಿಸಲಿ.

ಕೊನೆಯ ಆಕ್ಷೇಪ ಎತ್ತುವವರು ಬೇರೆ ಜನ, ಅವರ ದನಿಯೂ ಬೇರೆ. ತಲೆತಲಾಂತರ ನಮ್ಮನ್ನು ಊರಾಚೆ ಇಟ್ಟ ಕಸುಬನ್ನು ‘ಪಾರಂಪರಿಕ ಕರಕುಶಲ’ ಎಂದು ನಿಮ್ಮ ಹಜಾರದಲ್ಲಿ ಅಲಂಕಾರಕ್ಕಿಡುತ್ತೀರಾ ಎಂದು ಅವರು ಕೇಳುತ್ತಾರೆ. ಸತ್ತ ದನ ಎಳೆಯುವುದನ್ನು ಬಿಡಿ ಎಂದು ಅಂಬೇಡ್ಕರ್ ಕರೆಕೊಟ್ಟಿದ್ದರು. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿದದ್ದಕ್ಕೆ ದಲಿತ ಯುವಕರನ್ನು ಕಟ್ಟಿ ಹೊಡೆದರು. ಇದನ್ನೆಲ್ಲ ಬದಿಗಿಟ್ಟು ಒಗರಿನ ಪರಿಮಳ ಹೊಗಳುವುದು ಅಶ್ಲೀಲ. ಮುಂಬೈಯ ಸುಧೀರ್ ರಾಜ್‌ಭರ್ ತಮ್ಮ ಚಮಾರ್ ಸ್ಟುಡಿಯೊದಲ್ಲಿ ಚರ್ಮ ಕುಶಲಿಗಳ ಜೊತೆ ಬ್ಯಾಗು, ಕುರ್ಚಿ ಮಾಡುತ್ತಿರುವುದು ಮರುಬಳಕೆಯ ರಬ್ಬರಿನಲ್ಲಿ. ಕೈ ಅದೇ, ವಸ್ತು ಬೇರೆ. ಅದು ಗಟ್ಟಿಯಾದ ಉತ್ತರ, ನನ್ನ ಪಕ್ಷಕ್ಕೆ ವಿರುದ್ಧವಾದರೂ.

ಆದರೂ ಕಸುಬನ್ನು ಬಿಡಲೂ ಇಟ್ಟುಕೊಳ್ಳಲೂ ಹಕ್ಕು ಮಾಡುವವರದ್ದು. ಅಥಣಿ ಕಡೆ ಕೊಲ್ಹಾಪುರಿ ಚಪ್ಪಲಿ ಇನ್ನೂ ಮಾಡುವವರಿದ್ದಾರೆ. ಅದಕ್ಕೆ 2019ರಲ್ಲಿ ಸಿಕ್ಕ ಭೌಗೋಳಿಕ ಮಾನ್ಯತೆಯಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಆ ಚಪ್ಪಲಿಯ ತೊಗಲಿಗೆ ಹಳೆಯ ಹದ ಹೀಗಿತ್ತು: ಎಮ್ಮೆಯ ಚರ್ಮವನ್ನು ಚೀಲದಂತೆ ಹೊಲಿದು ತೂಗುಹಾಕಿ, ಒಳಗೆ ಜಾಲಿ ತೊಗಟೆ ಮತ್ತು ಅಳಲೆಯ ರಸ ಸುರಿದು, ತನ್ನ ಭಾರಕ್ಕೆ ತಾನೇ ಜಿನುಗಿ ಹೊರಬರುವಂತೆ ಬಿಡುವುದು. ಚಪ್ಪಲಿಯ ಅಟ್ಟೆಯಾಗಬಲ್ಲ ತೊಗಲು ಕುರ್ಚಿಯ ಪಟ್ಟಿಯೂ ಆಗಬಲ್ಲದು. ಚಪ್ಪಲಿಗೆ ಚೌಕಾಸಿ ಮಾಡುವ ಗಿರಾಕಿ ಕುರ್ಚಿಗೆ ಸರಿಯಾದ ಬೆಲೆ ಕೊಟ್ಟಾನು. ಆ ಬೆಲೆ ಮಾಡಿದವರ ಕೈ ಸೇರದಿದ್ದರೆ, ಈ ಕೊನೆಯ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ.

ಕೊಳ್ಳುವವರಿಗೆ ಒಂದು ಮಾತು. ‘ಕ್ರೋಮ್ ಫ್ರೀ’ ಎಂದ ಮಾತ್ರಕ್ಕೆ ತೊಗಟೆಯದ್ದು ಎಂದಲ್ಲ. ಆಲ್ಡಿಹೈಡ್‌ನಲ್ಲಿ ಹದ ಮಾಡಿದ್ದೂ ಅದೇ ಹೆಸರಿನಲ್ಲಿ ಬರುತ್ತದೆ. ತುಂಡಿನ ಅಂಚು ನೋಡಿ: ಕ್ರೋಮ್ ತೊಗಲಿನ ನಡುವೆ ಸಾಮಾನ್ಯವಾಗಿ ನೀಲಿ ಬೂದಿಯ ಗೆರೆ ಕಾಣುತ್ತದೆ, ತೊಗಟೆಯದ್ದು ಒಳಗೂ ಹೊರಗೂ ಕಂದು. ಬಣ್ಣ ಬಳಿಯದ ಮೇಲ್ಮೈಗೆ ಒಂದು ಹನಿ ನೀರು ಹಾಕಿ, ಹೀರಿಕೊಂಡು ಕಪ್ಪಾಗಬೇಕು. ಆಮೇಲೆ ಯಾವ ಊರಿನ ಟ್ಯಾನರಿ, ಕೊಳೆನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಆ ಕುರ್ಚಿ ಕೊಳ್ಳಬೇಡಿ.