‘ಸಿಗರೇಟ್ ಸೇದ್ತಿದ್ರಾ?’ ಅಂತ ಕೇಳೋರಿಗೆ (ಭಾಗ 3)

ಶ್ವಾಸಕೋಶದ ಕ್ಯಾನ್ಸರ್ ಅಂದ ತಕ್ಷಣ ನಮ್ಮವರ ಮೊದಲ ಪ್ರಶ್ನೆ ಇದೇ. ಹೂಂ ಅಂದ್ರೆ ಮುಗೀತು, ಕನಿಕರಾನೂ ಇಲ್ಲ, ಕಾಸೂ ಇಲ್ಲ. ಹಾರ್ಟ್ ಆಪರೇಷನ್‌ಗೆ ದುಡ್ಡು ಎತ್ತುವಾಗ ‘ಎಷ್ಟು ಬೋಂಡಾ ತಿಂದಿದ್ರು’ ಅಂತ ಯಾರಾದ್ರೂ ಕೇಳ್ತಾರಾ?

ಸೇದದೇ ಇದ್ದೋರಿಗೂ ಇದು ಬರುತ್ತೆ ಕಣ್ರಪ್ಪಾ. ಜೀವನವೆಲ್ಲಾ ಸೌದೆ ಒಲೆ ಊದಿದ ಅಜ್ಜಿ ಯಾವ ಬ್ರ್ಯಾಂಡ್ ಸೇದ್ತಿದ್ರು? ಇನ್ನು ಸೇದಿದವರು? ಅವರಿಗೂ ಚಿಕಿತ್ಸೆ ಬೇಕು, ಅಷ್ಟೇ.

2022ರಲ್ಲಿ ಜಗತ್ತಿನಾದ್ಯಂತ ಸುಮಾರು 18 ಲಕ್ಷ ಜನ ಇದರಿಂದ ಸತ್ರು. ಬೇರೆ ಯಾವ ಕ್ಯಾನ್ಸರೂ ಇಷ್ಟು ಜೀವ ತೆಗೆದಿಲ್ಲ. ಅಕ್ಟೋಬರ್‌ನಲ್ಲಿ ಪಿಂಕ್ ರಿಬ್ಬನ್ ಸ್ಟೋರಿ ಹಾಕ್ತೀವಿ, ಒಳ್ಳೇದೇ. ನವೆಂಬರ್‌ನ ಬಿಳಿ ರಿಬ್ಬನ್ ಎಷ್ಟು ಜನ ನೋಡಿದ್ದೀರಾ?

ಜಾಗೃತಿಗೂ ಸಂಶೋಧನೆಗೂ ದುಡ್ಡು ಹಾಕೋ ಟ್ರಸ್ಟ್‌ಗೆ ಕೊಡಿ. 80ಜಿ ನೋಂದಣಿ ಇದ್ಯಾ ನೋಡಿ, ರಸೀದಿ ಕೇಳಿ (ಬಿಕಾಂ ಓದಿದ್ದಕ್ಕೆ ಇಷ್ಟಾದ್ರೂ ಬೇಡ್ವಾ). ಫೆಸ್ಟ್ ಕಮಿಟಿಯವರೇ, ನಿಮ್ಮ ಡಿಜೆ ಬಜೆಟ್‌ನಲ್ಲಿ ಅರ್ಧ ಸಾಕು. ಮುಂದಿನ ಮೀಟಿಂಗಲ್ಲಿ ಕೇಳೇ ಕೇಳ್ತೀನಿ.